ನಾನು ಓದದೆ ಬಿಟ್ಟ ಸಾಲು

ಯೆರವಡಾ, ಪುಣೆ
ಮಾರ್ಚ್ ೨೭, ಶುಕ್ರವಾರ

ಸಾವಂತ್ರವ್ವನವರಿಗೆ ಕೇತಕಿಯ ನಮಸ್ಕಾರಗಳು.

ನಿಮಗೆ ಓದಲು ಬರುವುದಿಲ್ಲ ಎಂದು ಗೊತ್ತಿದ್ದೇ ಈ ಕಾಗದ ಬರೆಯುತ್ತಿದ್ದೇನೆ. ನಾಳೆ ಸಂಜೆ ಐದಕ್ಕೆ, ನೀವು ಖಾನಾವಳಿಯಿಂದ ಬಂದು ಕೈಕಾಲು ತೊಳೆದುಕೊಳ್ಳುವ ಹೊತ್ತಿಗೆ, ನಾನೇ ನಿಮ್ಮ ಬಾಗಿಲಿಗೆ ಬಂದು ಇದನ್ನು ಓದುತ್ತೇನೆ. ಬರೆದುಕೊಳ್ಳದೆ ಬಂದರೆ ಅರ್ಧ ಮಾತು ನನ್ನ ಗಂಟಲಲ್ಲೇ ಉಳಿದುಬಿಡುತ್ತದೆ. ಧಾರವಾಡದಲ್ಲಿ ಎಂ.ಎ. ಮೌಖಿಕ ಪರೀಕ್ಷೆಯ ದಿನ ನನ್ನ ಉತ್ತರ ಕೇಳಿಸಿಕೊಳ್ಳಲು ಪ್ರಾಧ್ಯಾಪಕರು ಎರಡು ಸಲ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಿದ್ದರು. ಅಂಥವಳು ನಾನು. ಆದರೂ ನನ್ನ ದನಿ ನಿಮಗೆ ಹೊಸದಲ್ಲ. ನಿಮ್ಮ ಓಣಿಯ ಚಂದಮ್ಮನವರ ಫೋನಿನಲ್ಲಿ ಪ್ರತಿ ತಿಂಗಳು ನೀವು ಕೇಳುವ ದನಿ ನನ್ನದೇ.

ನಮ್ಮ ಆಮದಾರರು, ಅಂದರೆ ಶಾಸಕರಾದ ಅಂಬಾತಾಯಿ (ಕಚೇರಿಯಲ್ಲಿ ನಮಗೆಲ್ಲ ಬರೀ ತಾಯಿ) ವಿಧಾನಸಭೆಯಲ್ಲಿ ತಾವು ಏನು ಕೇಳಿದರು, ಸರ್ಕಾರ ಏನು ಹೇಳಿತು, ಯಾವ ಮಸೂದೆಯ ಬಗ್ಗೆ ತಮ್ಮ ಅಭಿಪ್ರಾಯ ಏನು ಎಂದು ತಿಂಗಳಿಗೊಮ್ಮೆ ಮರಾಠಿಯಲ್ಲಿ ನಾಲ್ಕು ಪುಟದ ಪತ್ರಿಕೆ ಹಂಚುತ್ತಾರೆ. ನಿಮ್ಮ ಓಣಿಯಲ್ಲಿ ಆ ನುಣುಪು ಕಾಗದವನ್ನು ಟ್ರಂಕಿನ ತಳಕ್ಕೆ ಹಾಸುತ್ತಾರೆ, ಅಡುಗೆಮನೆಯ ಹಲಗೆಗೆ ಹಾಸುತ್ತಾರೆ. ಎರಡು ವರ್ಷದ ಹಿಂದೆ ತಾಯಿ ಅದನ್ನು ಕಣ್ಣಾರೆ ಕಂಡು ನಕ್ಕರಂತೆ. ಆಮೇಲೆ ನಗಲಿಲ್ಲವಂತೆ. ವಿಜಯಪುರ, ಇಂಡಿ, ಸಿಂದಗಿ ಕಡೆಯಿಂದ ಬಂದ ಇಷ್ಟು ಮಂದಿ ತಮಗೆ ಓಟು ಹಾಕುವಾಗ ಅವರಿಗೆ ಏನು ತಿಳಿದಿರುತ್ತದೆ ಎಂಬ ಚಿಂತೆ ಅವರಿಗೆ ಹತ್ತಿತು. ಅದಕ್ಕೇ ಜನಸಂಪರ್ಕ ಕಚೇರಿಯಲ್ಲಿ ಒಬ್ಬ ಕನ್ನಡದವಳು ಬೇಕಾದಳು. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಮಾತಾಡಿಕೊಂಡು ಇದೇ ಊರಿನಲ್ಲಿ ಬೆಳೆದ ನಾನು ಸಿಕ್ಕಿದೆ. ತಾಯಿಯ ಮರಾಠಿಯನ್ನು ಮೂರು ನಿಮಿಷದ ಕನ್ನಡ ಮಾಡಿ, ಗಣೇಶೋತ್ಸವದ ಹಳೆಯ ಬ್ಯಾನರುಗಳನ್ನು ತುಂಬಿಟ್ಟ ಕೋಣೆಯಲ್ಲಿ ಕುಳಿತು ಓದಿ ಫೋನಿಗೆ ಹಾಕುತ್ತೇನೆ. ಅಷ್ಟೊಂದು ಬಟ್ಟೆಯ ನಡುವೆ ದನಿ ಮಾರ್ದನಿಸುವುದಿಲ್ಲ, ಎದುರಿಗೆ ಯಾರೂ ಇರುವುದಿಲ್ಲ. ಅಲ್ಲಿ ನನಗೆ ನಾಚಿಕೆಯಾಗುವುದಿಲ್ಲ.

ಕಳೆದ ದೀಪಾವಳಿಯ ಸುಮಾರಿಗೆ ಒಮ್ಮೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿದ್ದೆವು. ನಿಮಗೆ ಅದು ನೆನಪಿರಲಾರದು. ನೀವು ಮತ್ತು ಚಂದಮ್ಮ ನನ್ನ ಮುಂದಿನ ಸೀಟಿನಲ್ಲಿ ಕುಳಿತಿದ್ದಿರಿ. ನಿಮ್ಮ ಬಲಗೈ ಬೆರಳುಗಳ ತುದಿ ರೊಟ್ಟಿ ತಿರುವಿ ತಿರುವಿ ಕಪ್ಪಗೆ ನುಣ್ಣಗಾಗಿದ್ದನ್ನು ನಾನು ನೋಡುತ್ತಿದ್ದೆ. ಅಷ್ಟರಲ್ಲಿ ಚಂದಮ್ಮ ಫೋನು ಒತ್ತಿದರು, ಬಸ್ಸಿನಲ್ಲೆಲ್ಲ ನನ್ನ ದನಿ. ನೀರಿನ ಪೈಪಿನ ಬಗ್ಗೆ ತಾಯಿ ಕೇಳಿದ ಪ್ರಶ್ನೆಯ ಸುದ್ದಿ ಅದು. ಚಂದಮ್ಮ ನಡುವೆ ಏನೋ ಹೇಳಲು ಹೋದರೆ ನೀವು ಅವರ ತೊಡೆಗೆ ತಟ್ಟಿ, "ಸುಮ್ನ ಕುಂಡ್ರು, ನಮ್ಮ ಹುಡುಗಿ ಮಾತಾಡಾಕತ್ತಾಳ" ಎಂದಿರಿ. ಮುಗಿದ ಮೇಲೆ, "ಈಕಿ ಹೇಳಿದ್ರ ತಲ್ಯಾಗ ಇಳೀತದ ನೋಡು. ಆ ಪ್ರಲ್ಹಾದಪ್ಪ ಹೇಳಿದ್ರ ಕಿವ್ಯಾಗ ಗುಂಯ್ ಅಂತದ ಅಷ್ಟ" ಎಂದಿರಿ. ನಮ್ಮ ಕಚೇರಿಯ ಪ್ರಲ್ಹಾದಕಾಕಾರನ್ನು ನೆನೆದು ಇಬ್ಬರೂ ನಕ್ಕಿರಿ. ನಾನು ಒಂದು ಸ್ಟಾಪು ಮೊದಲೇ ಇಳಿದು ನಡೆದುಕೊಂಡು ಹೋದೆ. ಅಷ್ಟು ಖುಷಿಯನ್ನು ಕುಳಿತುಕೊಂಡು ತಡೆಯಲು ಆಗಲಿಲ್ಲ.

ಆ ಖುಷಿಯೇ ನನ್ನನ್ನು ಕೆಡಿಸಿತೇನೋ. ಅಂದಿನಿಂದ ನಾನು ಸಂದೇಶಗಳನ್ನು ಇನ್ನೂ ಚಂದ ಮಾಡಲು ಹೊರಟೆ. ಓದುವಾಗ ಎಲ್ಲಿ ನಿಲ್ಲಬೇಕು, ಯಾವ ಮಾತನ್ನು ಕೊನೆಗೆ ಇಡಬೇಕು ಎಂದು ಗುರುತು ಹಾಕಿಕೊಳ್ಳುತ್ತಿದ್ದೆ.

ಈ ತಿಂಗಳ ಸಂದೇಶ ನಿಮ್ಮ ವಸ್ತಿಯ ಮನೆಗಳ ಸರ್ವೆಯದು. ಹಳೆಯ ಮನೆಗಳ ಜಾಗದಲ್ಲಿ ಪಕ್ಕಾ ಮನೆ ಕಟ್ಟಿಕೊಡುವ ಯೋಜನೆಗೆ ತಾಯಿಯ ಒಪ್ಪಿಗೆ ಇದೆ, ಆದರೆ ಎಲ್ಲರನ್ನೂ ಎಣಿಸಿ ಪಟ್ಟಿಗೆ ಹಾಕುವ ತನಕ ಒಂದು ಗೋಡೆಯನ್ನೂ ಮುಟ್ಟಬಾರದು ಎಂದು ಅವರು ಸಭೆಯಲ್ಲಿ ಪಟ್ಟು ಹಿಡಿದಿದ್ದರು. ಅದನ್ನು ಕನ್ನಡಕ್ಕೆ ತರುವಾಗ ನನ್ನ ಕೈ ತಾನೇ ಓಡಿತು. "ಈ ಊರಿನ ಎತ್ತರದ ಮನೆಗಳಿಗೆಲ್ಲ ಬುಟ್ಟಿ ಹೊತ್ತವರು ನೀವು. ನಿಮ್ಮ ಮನೆಯನ್ನು ಎಣಿಸುವ ಸರದಿ ಈಗ ಈ ಊರಿನದು." ಹನ್ನೆರಡು, ಹದಿಮೂರನೇ ತಾರೀಕು ಸರ್ವೆಯವರು ಬರುತ್ತಾರೆ ಎಂದು ಮೊದಲೇ ಹೇಳಿದ್ದೆ. ಸಂದೇಶ ಈ ಎರಡು ಮಾತಿಗೆ ಮುಗಿದರೆ ಎಷ್ಟು ಚೆನ್ನ ಎನ್ನಿಸಿತು. ಆದರೆ ತಾಯಿಯ ಮರಾಠಿಯಲ್ಲಿ ಇದರ ಕೆಳಗೆ ಇನ್ನೊಂದು ಸಾಲು ಇತ್ತು. ರೇಶನ್ ಕಾರ್ಡು, ಲೈಟ್ ಬಿಲ್ಲು, ಝೆರಾಕ್ಸು ಎಂದೆಲ್ಲ ಇದ್ದ ಉದ್ದನೆಯ ಒಣ ಸಾಲು. ಎರಡು ಸಲ ಓದಿ ನೋಡಿದೆ. ಎರಡು ಸಲವೂ ಮೇಲಿನ ಮಾತಿನ ಸೊಗಸೆಲ್ಲ ಇಳಿದುಹೋಯಿತು.

ನಾನು ಅದನ್ನು ಬಿಟ್ಟೆ, ಸಾವಂತ್ರವ್ವ. ಬಿಡು ಎಂದು ಯಾರೂ ಹೇಳಲಿಲ್ಲ, ಮರೆವೂ ಅಲ್ಲ. ಕೇಳಲು ಚೆನ್ನಾಗಿಲ್ಲ ಎಂದು ಬಿಟ್ಟೆ.

ಸಂದೇಶ ಎಲ್ಲರಿಗೂ ಹಿಡಿಸಿತು. ಒಬ್ಬರಿಂದ ಒಬ್ಬರಿಗೆ ಹೋಗಿ, ವಾಕಡದಲ್ಲಿರುವ ನಮ್ಮ ಅತ್ತೆಗೂ ಬಂತು. ನಾನು ಮೂರು ದಿನ ಗಾಳಿಯಲ್ಲಿ ನಡೆದೆ.

ಹದಿನಾರನೇ ತಾರೀಕು, ಸೋಮವಾರ, ನೀವು ಕಚೇರಿಗೆ ಬಂದಿರಿ. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಅದರಲ್ಲಿ ಕಾಗದಪತ್ರ, ಜೊತೆಗೆ ಚಂದಮ್ಮನವರ ಫೋನು. ಕಚೇರಿ ನೋಡಿಕೊಳ್ಳುವ ಪ್ರಲ್ಹಾದಕಾಕಾ ಬೆಳಗಾವಿ ಕಡೆಯವರಾದ್ದರಿಂದ ನೀವು ಕನ್ನಡದಲ್ಲೇ ಹೇಳಿದಿರಿ. ಖಾನಾವಳಿಯ ಮಾಲೀಕರು ಒಂದೇ ದಿನ ರಜೆ ಕೊಟ್ಟರೆಂದು, ಅದನ್ನು ಹದಿಮೂರಕ್ಕೆ ತೆಗೆದುಕೊಂಡಿರೆಂದು, ನೆಲ ಒರೆಸಿ, ಈ ಚೀಲವನ್ನು ಹೊರಸಿನ ಮೇಲಿಟ್ಟುಕೊಂಡು ಹೊತ್ತು ಮುಳುಗುವ ತನಕ ಬಾಗಿಲಲ್ಲಿ ಕುಳಿತಿದ್ದಿರೆಂದು. ಯಾರೂ ಬರಲಿಲ್ಲ. ನಿಮ್ಮ ಓಣಿಯನ್ನು ಅವರು ಹನ್ನೆರಡರಂದೇ ಮುಗಿಸಿದ್ದರು. ಬಾಗಿಲು ತೆರೆದಿದ್ದ ಮನೆಗಳಿಗೆ ಕೆಂಪು ಬಣ್ಣದಲ್ಲಿ ಅಂಕಿ ಬರೆದರು, ಬೀಗವಿದ್ದ ಕಡೆ ಸುಣ್ಣದಕಡ್ಡಿಯಲ್ಲಿ ಒಂದು ಗೀಟು ಎಳೆದು ಮುಂದೆ ಹೋದರು. ಆಚೆ ಮನೆ ನೂರಾ ನಲವತ್ತೊಂದು, ಈಚೆ ಮನೆ ನೂರಾ ನಲವತ್ತೆರಡು, ನಡುವೆ ನಿಮ್ಮದು ಬರೀ ಗೀಟು. ಗೀಟು ಬಿದ್ದ ಮನೆಗೆ ಮರುದಿನ ಬರುತ್ತಾರೆ ಎಂದೇ ನೀವು ತಿಳಿದಿದ್ದಿರಿ.

"ಕೆಲಸಕ್ಕ ಹೋಗೋರು ಮೊದಲs ಬಂದು ಹೆಸರು ಬರಸಬೇಕಿತ್ತು ಬಾಯೀ, ಮೆಸೇಜಿನ್ಯಾಗ ಹೇಳಿದ್ವಲ್ಲ" ಎಂದರು ಕಾಕಾ. ಅವರು ಓದಿದ್ದು ಮರಾಠಿ ಪತ್ರಿಕೆಯನ್ನು, ನನ್ನ ಕನ್ನಡವನ್ನು ಅವರು ಕೇಳಿರಲಿಲ್ಲ. ನೀವು ಅಲ್ಲೇ ಬೆಂಚಿನ ಮೇಲೆ ಕುಳಿತು ಫೋನನ್ನು ಕಿವಿಗೆ ಒತ್ತಿ ಮೂರು ಸಲ ಕೇಳಿದಿರಿ. ಮೂರನೆಯ ಸಲ ಕಣ್ಣು ಮುಚ್ಚಿದ್ದಿರಿ. ಆಮೇಲೆ ಫೋನು ಚೀಲಕ್ಕೆ ಹಾಕಿ ಹೇಳಿದಿರಿ: "ಆ ಹುಡುಗಿ ತಪ್ಪ ಹೇಳಾಕಿ ಅಲ್ರೀ. ನನ್ನ ಕಿವೀದs ತಪ್ಪ ಇರಬೇಕು. ವಯಸ್ಸಾತು."

ನಾನು ಆರು ಅಡಿ ದೂರದ ಮೇಜಿನಲ್ಲಿದ್ದೆ. ಬಾಯಿ ತೆರೆದರೆ ನಿಮಗೆ ದನಿ ಗೊತ್ತಾಗುತ್ತಿತ್ತು. ಅದಕ್ಕೇ ತೆರೆಯಲಿಲ್ಲ. ನಿಮಗೆ ಒಂದು ಲೋಟ ನೀರು ತಂದುಕೊಟ್ಟೆ. "ಯವ್ವಾ, ನಿನಗರ ಗೊತ್ತದ ಏನು, ಇನ್ನೊಮ್ಮೆ ಬರ್ತಾರೇನು?" ಎಂದು ನೀವು ಕೇಳಿದಾಗ ತಲೆ ಅಲ್ಲಾಡಿಸಿದೆ. ಹೆಸರು ಕೇಳಿದಿರಿ, ಅದಕ್ಕೂ ತಲೆ ಅಲ್ಲಾಡಿಸಿದೆ. ನೀವು ನನ್ನನ್ನು ಒಂದು ಗಳಿಗೆ ನೋಡಿ, ಲೋಟ ಕೆಳಗಿಟ್ಟು, ಸುಟ್ಟು ನುಣುಪಾದ ಆ ಬೆರಳುಗಳಿಂದ ನನ್ನ ಗಲ್ಲ ಸವರಿದಿರಿ. "ಪಾಪ, ಮಾತು ಬರಂಗಿಲ್ಲ ಈ ಕೂಸಿಗೆ. ದೇವರು ನಿನಗ ಬಾಯಿ ಕೊಡಲಿ" ಎಂದು ಲಟಿಕೆ ಮುರಿದು ಹೋದಿರಿ.

ಹೀಗೆ ಗೀಟು ಬಿದ್ದ ಮನೆಗಳು ಒಟ್ಟು ಮೂವತ್ತೊಂದು. ಪಟ್ಟಿ ನೋಡಿದೆ. ಇಪ್ಪತ್ತೇಳು ನಿಮ್ಮ ಓಣಿಯವೇ. ಮರಾಠಿ ಓದುವ ಓಣಿಗಳಲ್ಲಿ ಜನ ಮೊದಲೇ ಬಂದು ಹೆಸರು ಬರೆಸಿದ್ದರು.

ಶನಿವಾರ ಅಂಬಾತಾಯಿ ಅಧಿವೇಶನದ ನಡುವೆ ಮುಂಬಯಿಯಿಂದ ಬಂದು ಜನರ ದೂರು ಕೇಳುವ ದಿನ. ಅವರ ಕೋಣೆಗೆ ಸೀದಾ ಹೋಗಿ ಹೇಳುವ ಧೈರ್ಯ ನನಗಿರಲಿಲ್ಲ. ಎಲ್ಲರಂತೆ ಟೋಕನ್ ತೆಗೆದುಕೊಂಡೆ, ಹತ್ತೊಂಬತ್ತನೇ ನಂಬರು. ಎಲ್ಲರಂತೆ ತಕರಾರಿನ ಫಾರ್ಮು ತುಂಬಿದೆ. 'ಯಾರ ವಿರುದ್ಧ' ಎಂಬಲ್ಲಿ ನನ್ನ ಹೆಸರು ಬರೆದೆ. ಪೂರ್ತಿ ವಿಷಯ ಕೆಳಗೆ ಬರೆದು, ಎರಡೂ ಭಾಷೆಯ ಸಂದೇಶಗಳನ್ನು ಜೊತೆಗಿಟ್ಟು ಬೆಂಚಿನಲ್ಲಿ ಜನರ ನಡುವೆ ಕುಳಿತೆ. ಫಾರ್ಮು ಇಸಿದುಕೊಂಡ ಪ್ರಲ್ಹಾದಕಾಕಾ ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. "ಹದಿನಾಲ್ಕು ವರ್ಷದಾಗ ತನ್ನ ಮ್ಯಾಲ ತಾನs ತಕರಾರು ಕೊಟ್ಟಾಕಿ ನೀನs ಮೊದಲು. ನಿನ್ನ ಕನ್ನಡಕ್ಕ ಪ್ರಶಸ್ತಿ ಕೊಡೂಣಂತ, ಮೊದಲ ಈ ಮೂವತ್ತೊಂದು ಕೀಲಿ ತಗಸು" ಎಂದರು.

ತಾಯಿ ಫಾರ್ಮನ್ನು ಓದಿದರು. ಮರಾಠಿ ಹಾಳೆಯ ಆ ಸಾಲಿನ ಮೇಲೆ ಬೆರಳಿಟ್ಟು, ಇದು ಕನ್ನಡದಲ್ಲಿ ಎಲ್ಲಿ ಎಂದು ಕೇಳಿದರು. ಇಲ್ಲ ಎಂದೆ. ಏಕೆ ಬಿಟ್ಟೆ ಎಂದು ಕೇಳಿದರು. ಚೆನ್ನಾಗಿ ಕೇಳಿಸುತ್ತಿರಲಿಲ್ಲ ಎಂದೆ. ಅವರು ಬೈಯುತ್ತಾರೆ ಎಂದು ಕಾದೆ. ಅವರು ಆ ಮರಾಠಿ ಪತ್ರಿಕೆಯನ್ನೇ ತಿರುವಿ ತಿರುವಿ ನೋಡಿದರು. ಅದರಲ್ಲೂ ಆ ಸಾಲು ನಾಲ್ಕನೇ ಪುಟದ ತಳದಲ್ಲಿ, ಅವರ ಇನ್ನೊಂದು ದೊಡ್ಡ ಫೋಟೋದ ಕೆಳಗೆ, ಇರುವೆಯಂಥ ಅಕ್ಷರದಲ್ಲಿತ್ತು. "ನಾನು ಸಭೆಯಲ್ಲಿ ಆಡಿದ ಮಾತನ್ನು ನೀನು ಚಂದ ಮಾಡಿದೆ, ಅದು ನನಗೆ ಬೇಕಾಗಿತ್ತು" ಎಂದರು ಮರಾಠಿಯಲ್ಲಿ. "ಅವರಿಗೆ ಬೇಕಾಗಿದ್ದು ಝೆರಾಕ್ಸು. ನಾವಿಬ್ಬರೂ ಸೇರಿ ಅದನ್ನು ಕೆಳಗೆ ತಳ್ಳಿದೆವು."

ಅಲ್ಲೇ ಕುಳಿತು ಸರ್ವೆಯ ಅಧಿಕಾರಿಗೆ ಪತ್ರ ಬರೆಸಿದರು, ಫೋನು ಮಾಡಿದರು. ಅಧಿಕಾರಿ ಮೊದಲು ಆಗುವುದಿಲ್ಲ ಎಂದರು, ಮತ್ತೆ ನೋಡೋಣ ಎಂದರು, ಸೋಮವಾರ ಮಧ್ಯಾಹ್ನ ಒಪ್ಪಿದರು. ಬೀಗ ಬಿದ್ದಿದ್ದ ಮನೆಗಳಿಗೆ ಇನ್ನೊಂದೇ ಒಂದು ಸಲ ಬರುತ್ತಾರೆ. ಯಾವ ದಿನ ಎಂದು ಕೇಳಿದಾಗ ಭಾನುವಾರ ಮೂರರ ಮೇಲೆ ಎಂದು ನಾನೇ ಹೇಳಿದೆ. ಭಾನುವಾರ ಸಂಜೆ ಖಾನಾವಳಿಗಳಿಗೆಲ್ಲ ರಜೆ ಎಂಬುದು ಪುಣೆಯಲ್ಲಿ ಬೆಳೆದವರಿಗೆ ಗೊತ್ತು. ಹೊಸ ಸಂದೇಶಕ್ಕೆ ಪ್ರಲ್ಹಾದಕಾಕಾ "ತಾಂತ್ರಿಕ ಕಾರಣಗಳಿಂದ" ಎಂದು ಶುರುಮಾಡಿದ್ದರು. ತಾಯಿ ಅದನ್ನು ಹೊಡೆದುಹಾಕಿ, ನಮ್ಮ ತಪ್ಪಿನಿಂದ ಎಂದು ಹೇಳು ಎಂದರು. ಹಾಗೇ ಹೇಳಿದೆ. ಮುಂದಿನ ತಿಂಗಳಿನಿಂದ ಪತ್ರಿಕೆಯ ಮೊದಲ ಪುಟದಲ್ಲಿ ಫೋಟೋ ಇರುವುದಿಲ್ಲ. ಜನ ಏನು ಮಾಡಬೇಕು, ಯಾವ ದಿನದೊಳಗೆ ಮಾಡಬೇಕು ಎಂಬುದು ಇರುತ್ತದೆ. ಭಾಷಣ ನಾಲ್ಕನೇ ಪುಟಕ್ಕೆ ಹೋಗಿದೆ.

ಹೊಸ ಸಂದೇಶ ನಲವತ್ತು ಸೆಕೆಂಡಿನದು. ಇದನ್ನು ಯಾರೂ ಹೊಗಳಲಿಲ್ಲ. ಆದರೆ ಬುಧವಾರದೊಳಗೆ ಮೂವತ್ತು ಮನೆಯವರು ಬಂದು ಭಾನುವಾರ ಇರುತ್ತೇವೆ ಎಂದು ಹೆಸರು ಬರೆಸಿದರು. ಬಾರದೆ ಉಳಿದ ಮನೆ ನಿಮ್ಮದೊಂದೇ. ಕೇಳಿದ್ದಕ್ಕೆ ಚಂದಮ್ಮ ಫೋನಿನಲ್ಲಿ ಹೇಳಿದರು: "ಆಕಿ ಈಗ ಕೇಳೂದs ಬಿಟ್ಟಾಳ್ರಿ. ನನ್ನ ಕಿವಿ ಮ್ಯಾಲ ನನಗs ಭರೋಸಾ ಇಲ್ಲ ಅಂತಾಳ. ನಾ ಹೇಳಿದ್ರ, ನೀನೂ ತಪ್ಪ ಕೇಳಿರಬೇಕು ಅಂತಾಳ. ಐತವಾರ ರಾಂಜಣಗಾಂವಕ್ಕ ಮಗಳ ಮನಿಗಿ ಹೊಂಟಾಳ."

ಇದನ್ನು ಕೇಳಿದ ಮೇಲೆ ಫೋನಿನೊಳಗೆ ಕುಳಿತುಕೊಂಡಿರುವುದು ನನ್ನಿಂದ ಆಗಲಿಲ್ಲ. ನಿಮ್ಮ ಮನೆ ಪಟ್ಟಿಯಿಂದ ಬಿಟ್ಟುಹೋದರೆ ಅದು ನನ್ನಿಂದ. ಅದಕ್ಕಿಂತ ಹೆಚ್ಚಿನದು, ನಿಮ್ಮ ಕಿವಿಯ ಮೇಲಿನ ನಂಬಿಕೆಯನ್ನು ನಾನು ಕಿತ್ತುಕೊಂಡೆ. ನಿಮ್ಮ ಕಿವಿಗೆ ಏನೂ ಆಗಿಲ್ಲ, ಸಾವಂತ್ರವ್ವ. ಮೂರು ಸಲವೂ ನೀವು ಸರಿಯಾಗಿಯೇ ಕೇಳಿದಿರಿ. ನಾನು ಹೇಳದ್ದನ್ನು ನೀವು ಹೇಗೆ ಕೇಳುತ್ತೀರಿ?

ನಾಳೆ ಬಾಗಿಲು ತೆರೆದಾಗ ನಿಮಗೆ ಗುರುತು ಸಿಗುತ್ತದೆ. ನೀರು ಕೊಟ್ಟು ಸುಮ್ಮನೆ ತಲೆ ಅಲ್ಲಾಡಿಸಿದ ಹುಡುಗಿಯೇ ನಾನು. ಬೈಯಬೇಕೆನ್ನಿಸಿದರೆ ಬೈಯಿರಿ, ಕೇಳಿಸಿಕೊಂಡೇ ಹೋಗುತ್ತೇನೆ. ಆದರೆ ಅದಕ್ಕೆ ಮೊದಲು, ಅಂದು ನಾನು ಓದದೆ ಬಿಟ್ಟ ಸಾಲನ್ನು ಓದಲು ಬಿಡಿ. ದಿನ ಮತ್ತು ಹೊತ್ತು ಬದಲಾಗಿದೆ, ಮೊದಲೇ ಹೆಸರು ಬರೆಸುವ ಮಾತು ನಿಮಗೆ ಈಗ ಬೇಕಿಲ್ಲ, ಅದನ್ನು ನಾನೇ ಬರೆಸುತ್ತೇನೆ; ಉಳಿದದ್ದು ಅದೇ. ನಿಧಾನವಾಗಿ ಎರಡು ಸಲ ಓದುತ್ತೇನೆ. ಆಮೇಲೆ ನೀವು ನನಗೆ ಅದನ್ನು ತಿರುಗಿ ಹೇಳಬೇಕು. ನೀವು ಒಂದಕ್ಷರವೂ ತಪ್ಪುವುದಿಲ್ಲ ಎಂದು ನನಗೆ ಗೊತ್ತು, ಆದರೂ ಹೇಳಬೇಕು.

ಮಾರ್ಚ್ ಇಪ್ಪತ್ತೊಂಬತ್ತು, ಭಾನುವಾರ, ಮಧ್ಯಾಹ್ನ ಮೂರರಿಂದ ಆರರ ತನಕ ಮನೆಯವರು ಒಬ್ಬರು ಬಾಗಿಲು ತೆರೆದು ಮನೆಯಲ್ಲಿರಬೇಕು; ರೇಶನ್ ಕಾರ್ಡು, ಆಧಾರ್ ಕಾರ್ಡು, ಹಳೆಯದೊಂದು ಲೈಟ್ ಬಿಲ್ಲು, ಇವುಗಳ ಒಂದೊಂದು ಝೆರಾಕ್ಸನ್ನು ಕೈಯಲ್ಲಿ ಇಟ್ಟುಕೊಂಡಿರಬೇಕು.

ಝೆರಾಕ್ಸ್ ಅಂಗಡಿ ಎಂಟರ ತನಕ ತೆರೆದಿರುತ್ತದೆ. ಚೀಲ ಕೊಟ್ಟರೆ ನಾನೇ ಮಾಡಿಸಿ ತರುತ್ತೇನೆ, ಇಲ್ಲವೇ ಇಬ್ಬರೂ ಕೂಡಿ ಹೋಗೋಣ. ಮಗಳಿಗೆ ಈ ವಾರ ಬರುವುದಿಲ್ಲ ಎಂದು ತಿಳಿಸಿಬಿಡಿ. ಭಾನುವಾರ ಎರಡೂವರೆಗೇ ಬಂದು ನಿಮ್ಮ ಹೊಸ್ತಿಲ ಹತ್ತಿರ ನಾನೂ ಕುಳಿತಿರುತ್ತೇನೆ. ಸರ್ವೆಯವರು ಮರಾಠಿಯಲ್ಲಿ ಕೇಳಿದ್ದನ್ನು ನಿಮಗೆ, ನೀವು ಹೇಳಿದ್ದನ್ನು ಅವರಿಗೆ ಹೇಳುತ್ತೇನೆ, ಏನನ್ನೂ ಬಿಡದೆ.

ಸುಣ್ಣದ ಗೀಟು ಅಳಿಸಿ ನಿಮ್ಮ ಬಾಗಿಲ ಮೇಲೆ ಕೆಂಪು ಅಂಕಿ ಬೀಳಲಿ. ದೇವರು ಬಾಯಿ ಕೊಡಲಿ ಎಂದು ಹರಸಿದ್ದಿರಲ್ಲ, ಕೊಟ್ಟಿದ್ದಾನೆ. ಅದನ್ನು ಮೊದಲು ನಿಮ್ಮ ಮನೆಗೇ ತರುತ್ತಿದ್ದೇನೆ.

ಇನ್ನೊಮ್ಮೆ ನೀವು ಹಾಗೆ ಕರೆಯಲಿ ಎಂದು ಆಸೆಪಡುವ,
ನಿಮ್ಮ ಹುಡುಗಿ
ಕೇತಕಿ