ಹೊಂಗೆಯಿಂದ ನೇರಳೆಗೆ

ಮಲ್ಲೇಶ್ವರ, ಬೆಂಗಳೂರು
೧೪ ಡಿಸೆಂಬರ್ ೨೦೨೪, ಶನಿವಾರ ಮಧ್ಯಾಹ್ನ

ಮುದ್ದು ಮಗಳು ರಂಜಿನಿಗೆ,

ನಿನ್ನ ಅಪ್ಪ ಬೈರಯ್ಯನ ಆಶೀರ್ವಾದಗಳು. ಕಾಲಿನ ಬೊಬ್ಬೆ ಒಣಗಿತೇ? ಹೊಸ ಬೂಟಿಗೆ ಒಳಗಿನಿಂದ ಕೊಬ್ಬರಿ ಎಣ್ಣೆ ಸವರು, ಮೆತ್ತಗಾಗುತ್ತದೆ. ಅರಣ್ಯ ರಕ್ಷಕಿಯ ತರಬೇತಿ ಎಂದಮೇಲೆ ನಡೆಸಿಯೇ ನಡೆಸುತ್ತಾರೆ. ಅಲ್ಲಿ ಚಳಿ ಜಾಸ್ತಿಯಂತೆ, ಸ್ವೆಟರ್ ಬಿಚ್ಚಬೇಡ ಎಂದು ನಿಮ್ಮಮ್ಮ ಹೇಳಿಸಿದ್ದಾಳೆ. ನಾವು ಆರೋಗ್ಯವಾಗಿದ್ದೇವೆ. ಭಾನುವಾರದ ಫೋನಿನಲ್ಲಿ ನಿಮ್ಮಿಬ್ಬರ ಮಾತೇ ಮುಗಿಯುವುದಿಲ್ಲ, ನನಗೂ ಮಾತು ಹೊರಡುವುದಿಲ್ಲ. ಅದಕ್ಕೇ ಪಾರ್ಕಿನ ಪಂಪ್‌ಹೌಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಕೂತು ಎಂದರೆ ಎಲ್ಲಿ, ಎರಡು ಸಾಲು ಬರೆದು ಎದ್ದು ಹೋಗಿ ಮರ ನೋಡಿ ಬರುತ್ತೇನೆ, ಮತ್ತೆ ಎರಡು ಸಾಲು.

ಪಾರ್ಕಿನ ಹಿಂದಿನ ತೋಪಿನಲ್ಲಿ ನೀನು ಹತ್ತನೇ ಕ್ಲಾಸಿನಲ್ಲಿದ್ದಾಗ ಟಾರ್ಚಿಗೆ ಕೆಂಪು ಕಾಗದ ಸುತ್ತಿ ನನಗೆ ಕಾಡುಪಾಪ ತೋರಿಸಿದ್ದೆ. ಇಪ್ಪತ್ತು ವರ್ಷ ಅಲ್ಲೇ ಮಾಲಿಯಾಗಿದ್ದವನು ಅವತ್ತೇ ಮೊದಲು ಆ ದುಂಡು ಕಣ್ಣು, ಕಡ್ಡಿಯಂಥ ಕೈಕಾಲು ನೋಡಿದ್ದು. ‘ಇವಕ್ಕೆ ಜಿಗಿಯೋಕೆ ಬರಲ್ಲಪ್ಪಾ, ಕೊಂಬೆಗೆ ಕೊಂಬೆ ತಾಗಿದ್ರೇನೇ ಆ ಕಡೆ ಹೋಗ್ತವೆ’ ಎಂದಿದ್ದೆ ನೀನು. ಕಾಲುದಾರಿಯ ಮೇಲೆ ಹೊಂಗೆಯ ಒಂದು ಕೊಂಬೆ ನೇರಳೆಗೆ ತಾಗಿಕೊಂಡಿತ್ತಲ್ಲ, ಅದೇ ಅವುಗಳ ದಾರಿ ಎಂದೂ ತೋರಿಸಿದ್ದೆ.

ಹೋದ ವಾರ ಗುರುವಾರ ಮೇಲ್ವಿಚಾರಕ ನಾಗಭೂಷಣ್ ಬಂದು, ‘ಬೈರಯ್ಯನೋರೇ, ಆ ಕೊಂಬೆ ತೆಗೆದ್ಬಿಡಿ. ಕತ್ತಲೆ ಅಂತ ವಾಕಿಂಗ್ ಬರೋರು ಅರ್ಜಿ ಕೊಟ್ಟಿದಾರೆ’ ಎಂದರು. ಆರ್ಡರ್ ಎಲ್ಲಿ ಎಂದೆ. ‘ಕಾಗದ ಆಮೇಲೆ ಬರುತ್ತೆ ಬಿಡಿ.’ ನನ್ನ ನಿವೃತ್ತಿಗೆ ಇನ್ನು ಒಂದೂವರೆ ತಿಂಗಳು, ಈಗ ಯಾರ ಜೊತೆ ಜಗಳ ಎಂದುಕೊಂಡು ಏಣಿ ಹಾಕಿದೆ. ಗೊತ್ತಿಲ್ಲದೆ ಕಡಿದೆ ಎಂದು ನಿನ್ನ ಹತ್ತಿರ ಹೇಳಲಾರೆ. ಗೊತ್ತಿದ್ದೇ ಕಡಿದೆ.

ಮೂರು ದಿನ ಕಳೆದು ಭಾನುವಾರ ನಸುಕಿನಲ್ಲಿ ನಾನು ಗೇಟು ತೆಗೆದು ನೀರು ಬಿಡುತ್ತಿದ್ದೆ. ‘ಬೈರಯ್ಯಾ, ಬೇಗ ಬನ್ನಿ!’ ಎಂದು ಕೂಗು. ದಿನಾ ವಾಕಿಂಗ್ ಬರುವ ರಿಟೈರ್ಡ್ ಟೀಚರ್ ಶೈಲಜಮ್ಮ ಕೊಡೆ ಬೀಸಿ ಎರಡು ನಾಯಿಗಳನ್ನು ಓಡಿಸುತ್ತಿದ್ದರು. ಕೊಂಬೆ ಇಲ್ಲದ ಜಾಗದ ಕೆಳಗೇ, ದಾರಿಯ ನಡುವೆ, ತಾಯಿ ಕಾಡುಪಾಪ ಸತ್ತು ಬಿದ್ದಿತ್ತು. ನೆಲದ ಮೇಲೆ ದಾಟಲು ಹೋಗಿ ನಾಯಿಗಳ ಬಾಯಿಗೆ ಸಿಕ್ಕಿದೆ. ಹೊಟ್ಟೆಯ ಕೂದಲು ಹಿಡಿದುಕೊಂಡು ಹೆಬ್ಬೆರಳಿನಷ್ಟು ಮರಿ, ಜೀವಂತ. ಬೆರಳು ಬಿಡಿಸಲು ಹೋದರೆ ನನ್ನ ಬೆರಳನ್ನೇ ಹಿಡಿದುಕೊಂಡಿತು. ಶೈಲಜಮ್ಮ ಶಾಲು ಕೊಟ್ಟು, ಫೋನ್ ಮಾಡಿ ವನ್ಯಜೀವಿ ಆರೈಕೆಯವರನ್ನು ಕರೆಸಿದರು. ಅವರು ಮರಿಯನ್ನು ಒಯ್ದಮೇಲೆ, ಕಡಿದ ಕೊಂಬೆಯೇ ಇವುಗಳ ದಾರಿಯಾಗಿತ್ತು ಎಂದೆ. ಶೈಲಜಮ್ಮ ಬೆಂಚಿನ ಮೇಲೆ ಕುಸಿದು, ‘ಕತ್ತಲೆ ಅಂತ ಅರ್ಜಿ ಬರೆದೋಳು ನಾನೇ. ನಂಗೆ ಇದೆಲ್ಲ ಏನ್ ಗೊತ್ತು? ನಿಮಗೆ ಗೊತ್ತಿತ್ತಲ್ಲ, ಒಂದ್ ಮಾತು ಹೇಳಬಾರದಿತ್ತಾ?’ ಎಂದು ಅತ್ತರು. ಅದೇ ದಿನ ನೀನು ಫೋನ್ ಮಾಡಿದೆ. ಊಟ ಆಯ್ತಾ ಎಂದಷ್ಟೇ ನಾನು ಕೇಳಿದೆ.

ಸೋಮವಾರ ಎರಡು ಬಿದಿರಿನ ಗಳು ತಂದು ತೆಂಗಿನ ಹಗ್ಗ ಸುತ್ತಿ ಹೊಂಗೆಯಿಂದ ನೇರಳೆಗೆ ಕಟ್ಟಿದೆ. ಏಣಿ ಹಿಡಿದವರು ಶೈಲಜಮ್ಮ. ಬೆಳಗ್ಗೆ, ಸಂಜೆ ಕತ್ತೆತ್ತಿ ನಿಲ್ಲುತ್ತೇನೆ. ಇಲ್ಲಿಯವರೆಗೆ ಅಳಿಲು ಬಿಟ್ಟರೆ ಏನೂ ದಾಟಿದ್ದು ಕಾಣೆ. ಮರಿ ತೊಟ್ಟು ತೊಟ್ಟು ಹಾಲು ಕುಡಿಯುತ್ತಿದೆಯಂತೆ, ಉಳಿದೀತು ಎಂದು ಆರೈಕೆಯವರು ಹೇಳಿದ್ದಾರೆ. ರಾತ್ರಿ ನಿದ್ದೆ ಹತ್ತುವುದಿಲ್ಲ, ಹಗಲು ಕೆಲಸ ಕೈಗೆ ಹತ್ತುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಜೊತೆಯ ಹುಡುಗಿಯರಿಗೂ ನನ್ನ ಹರಕೆ ತಿಳಿಸು.

ಇಂತಿ ನಿನ್ನ ಅಪ್ಪ,
ಬೈರಯ್ಯ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಕಾಡುಪಾಪ ಸತ್ತದ್ದು ಹೇಗೆಂದು ಮೇಲಿನವರು ವಿಚಾರಿಸಿದಾಗ ‘ಕೊಂಬೆ ಗಾಳಿಗೆ ಬಿತ್ತು’ ಎಂದು ನಾಗಭೂಷಣ್ ಬರೆದು ತಂದರು. ‘ರಿಟೈರ್ ಆಗೋ ಹೊತ್ತಲ್ಲಿ ನಿಮಗ್ಯಾಕೆ ತಲೆನೋವು’ ಎಂದರು. ಬುಧವಾರ ಅದಕ್ಕೆ ಸಹಿ ಹಾಕಿಬಿಟ್ಟೆ. ನಾಡಿದ್ದು ಸೋಮವಾರ ಆಫೀಸಿಗೆ ಹೋಗಿ, ಕಡಿದವನು ನಾನೇ ಎಂದು ಬರೆದುಕೊಡುತ್ತೇನೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಹೋಗಿ ಬಂದಿರುತ್ತೇನೆ. ಬೇಡಪ್ಪಾ ಎನ್ನಲು ನಿನಗೆ ಸಮಯ ಸಿಗಬಾರದೆಂದೇ ಫೋನಿನಲ್ಲಿ ಹೇಳದೆ ಅಂಚೆಗೆ ಹಾಕುತ್ತಿದ್ದೇನೆ.