ಹಿಂದಿನ ಗಾಜಿನ ಬಳಿಯ ಮೆಗಾಫೋನು

ಮಾರ್ಚ್ ೧೧, ಮಂಗಳವಾರ

ಹೆಂಡತಿಗೆ ಬಲಗಿವಿ ಇನ್ನು ಕೇಳಿಸುವುದು ಅನುಮಾನವಂತೆ.

ಬೆಳಿಗ್ಗೆ ಕಾರು ಹತ್ತುವಾಗಲೇ ಮಗಳು ಅಂದಳು: "ಅಪ್ಪಾ, ಆ ಮೆಗಾಫೋನ್ ಡಿಕ್ಕೀಲಿ ಹಾಕು. ಬ್ರೇಕ್ ಹೊಡೆದ್ರೆ ಅಮ್ಮನ ತಲೆಗೇ ಬರುತ್ತೆ."

"ಏನೂ ಆಗಲ್ಲ, ಸುಮ್ನಿರೇ. ಧರಣಿ ಸಾಮಾನು ಕೈಗೆ ಸಿಗೋ ಹಾಗಿರ್ಬೇಕು" ಅಂದೆ.

ದಾರಿಯಲ್ಲಿ ನಾಯಿ ಅಡ್ಡ ಬಂತು, ಬ್ರೇಕ್ ತುಳಿದೆ. ಹಿಂದಿನ ಗಾಜಿನ ಬಳಿ ಇಟ್ಟಿದ್ದ ಮೆಗಾಫೋನು ಹಾರಿ, ಹಿಂದಿನ ಸೀಟಿನಲ್ಲಿದ್ದ ಹೆಂಡತಿಯ ಕಿವಿಗೆ ಕಲ್ಲಿನಂತೆ ಬಡಿಯಿತು.

ರಕ್ಷಣೆಯ ಜಾಲರಿಯಿಲ್ಲದ ಯಂತ್ರ ಕಾರ್ಮಿಕನೊಬ್ಬನ ಕೈ ತಿಂದಾಗ, "ಏನೂ ಆಗಲ್ಲ" ಅಂದಿದ್ದ ಕಾರ್ಖಾನೆಯ ಮಾಲೀಕನನ್ನು ಇದೇ ಮೆಗಾಫೋನಿನಲ್ಲಿ ಕೊಲೆಗಡುಕ ಎಂದು ಕೂಗಿದವನು ನಾನು.

ಆಸ್ಪತ್ರೆಯಲ್ಲಿ ಬ್ಯಾಂಡೇಜಿನೊಳಗಿಂದ ಹೆಂಡತಿ ಅಂದಳು: "ಇಷ್ಟು ವರ್ಷ ಕಿವೀಲಿ ಕೂಗಿದ್ದು ಸಾಲ್ಲಿಲ್ವೇನ್ರಿ?"

ಮಗಳು ನಗಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

ಮೆಗಾಫೋನನ್ನು ಈಗ ಡಿಕ್ಕಿಗೆ ಹಾಕಿ ಬಂದೆ. ಅಲ್ಲಿ ಬೇಕಾದಷ್ಟು ಜಾಗವಿತ್ತು. ನಾಳೆ ಕಾರ್ಖಾನೆಯ ಗೇಟಿನ ಮುಂದೆ ಯಾವ ಬಾಯಿಟ್ಟುಕೊಂಡು ಅದನ್ನು ಎತ್ತಲಿ?