ಅಮ್ಮ ಕಾದ ಹರಳು

13 ಅಕ್ಟೋಬರ್ 1969, ಸೋಮವಾರ. ಬೆಳಿಗ್ಗೆ 7
ನೀರು 40.1 ಡಿಗ್ರಿ. ದೀಪದ ಬತ್ತಿ ಸ್ವಲ್ಪ ಇಳಿಸಿದೆ. ಹರಳು ಒಂಬತ್ತು ಮಿಲಿಮೀಟರ್. ಅದಕ್ಕೆ ನನ್ನ ಹಾಗೆ ಗಡಿಬಿಡಿ ಇಲ್ಲ.

ಕಾಲೇಜಿನ ಲ್ಯಾಬಿಗೆ ಐದಕ್ಕೆ ಬೀಗ. ಹಾಗಾಗಿ ಎರಡು ವರ್ಷದಿಂದ ಮನೆಯ ಚಿಕ್ಕ ಕೋಣೆಯೇ ಲ್ಯಾಬ್. ದೀಪದ ಮೇಲೆ ಬಿಸಿನೀರಿನ ಪಾತ್ರೆ, ಅದರೊಳಗೆ ಗಾಜಿನ ಜಾರ್, ಜಾರಿನಲ್ಲಿ ಲಿಥಿಯಂ ಅಯೋಡೇಟ್ ಕರಗಿಸಿದ ನೀರು, ನೂಲಿನಲ್ಲಿ ನೇತಾಡುವ ಹರಳು. ನಾನು ಪಾಠ ಮಾಡಲು ಹೋದಾಗ ಕಾಯುವುದು ಅಮ್ಮ. ಓದು ಬಾರದು. ಥರ್ಮಾಮೀಟರಿಗೆ ನಲವತ್ತರಲ್ಲಿ ಕೆಂಪು ನೂಲು ಕಟ್ಟಿಕೊಟ್ಟಿದ್ದೇನೆ. ಪಾದರಸ ನೂಲು ದಾಟಿದರೆ ಬತ್ತಿ ಇಳಿಸುವುದು, ಕೆಳಗೆ ಬಂದರೆ ಏರಿಸುವುದು. ನಮ್ಮ ಡಿಪಾರ್ಟ್‌ಮೆಂಟಿನ ಅಟೆಂಡರನಿಗಿಂತ ಎಷ್ಟೋ ಮೇಲು.

18 ಅಕ್ಟೋಬರ್
ಬೆಂಗಳೂರಿನಿಂದ ತಿರುಮಲೇಶ್ವರ ಸರ್ ಪತ್ರ. ‘ಪ್ರಿಯ ಲೋಲಾಕ್ಷಿ, ಲೇಸರ್ ತಯಾರಾಗಿದೆ...’ ಹರಳು ಎರಡು ಸೆಂಟಿಮೀಟರ್ ಆಗಬೇಕು, ಬಿರುಕಿರಬಾರದು. ಡಿಸೆಂಬರ್ ಹದಿನೈದರೊಳಗೆ ತಂದರೆ ಅವರಲ್ಲಿ ರಿಸರ್ಚಿಗೆ ಜಾಗ. ತಡವಾದರೆ ಬೇರೆಯವರಿಗೆ.

ಅಮ್ಮ ಕೇಳಿದಳು, “ಇದರಿಂದ ಎಂತ ಆಗುದು?” ಇನ್‌ಫ್ರಾರೆಡ್ ಅಂತ ಒಂದು ಬೆಳಕು ಉಂಟು, ಕಣ್ಣಿಗೆ ಕಾಣುವುದಿಲ್ಲ, ಹರಳಿನೊಳಗೆ ಹಾದು ಬರುವಾಗ ಅದರಲ್ಲಿ ಸ್ವಲ್ಪ ಹಸಿರಾಗಿ ಕಾಣುತ್ತದೆ ಎಂದೆ.
“ಕಾಣದ್ದು ಕಾಣುದಾ? ಹಾಗಾದ್ರೆ ಕಾಯುವ ಮಾರಾಯ್ತಿ. ನಿನ್ನ ಅಪ್ಪನೂ ಕಂಡಾರೋ ಎಂತದೋ.”
ಇಬ್ಬರೂ ನಕ್ಕೆವು. ಅಪ್ಪ ಹೋಗಿ ಹನ್ನೊಂದು ವರ್ಷ.

9 ನವೆಂಬರ್
ಮೂರು ವಾರ ಬರೆಯಲಿಲ್ಲ. ಪರೀಕ್ಷೆ, ಪೇಪರು... ಹರಳು ಹದಿನಾರು. ಗಾಜಿನ ಹಾಗೆ ಶುದ್ಧ.
ಅಮ್ಮನಿಗೆ ಎದೆ ಹಿಡಿದ ಹಾಗೆ ಆಗುತ್ತದಂತೆ. “ಎಂತ ಇಲ್ಲ, ಗ್ಯಾಸು.” ಶನಿವಾರ ಡಾಕ್ಟರಿಗೆ ತೋರಿಸಬೇಕು.

15 ನವೆಂಬರ್, ಶನಿವಾರ
ಹೋಗಲಿಲ್ಲ. ಇಬ್ಬರೂ ಹೊರಟರೆ ದೀಪ ನೋಡುವವರಿಲ್ಲ. ಅಮ್ಮನೇ ಹೇಳಿದ್ದು — “ಮೊದಲು ಹರಳು ಆಗ್ಲಿ. ಬೆಂಗ್ಳೂರಲ್ಲಿ ದೊಡ್ಡ ಡಾಕ್ಟ್ರು ಇದ್ದಾರಲ್ಲ.”
ಒಪ್ಪಿದೆ. ಬೇಗ ಒಪ್ಪಿದೆ.

2 ಡಿಸೆಂಬರ್
ಅಮ್ಮ ಇಲ್ಲ. ಐದು ದಿನ ಆಯಿತು.
ಗುರುವಾರ ಸಂಜೆ ಕಾಲೇಜಿನಿಂದ ಬಂದಾಗ ಚಿಕ್ಕ ಕೋಣೆಯಲ್ಲಿ ದೀಪದ ಪಕ್ಕ ಬಿದ್ದಿದ್ದಳು.

ಮಂಡೆಕೋಲು ಊರಿನಿಂದ ಜತ್ತಪ್ಪ ಮಾವ ಬಂದರು, ಅಮ್ಮನ ಅಣ್ಣ. ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಉಳಿಯಬಾರದು, ನಮ್ಮಲ್ಲಿ ಹಾಗೆ. ಕೊಡ, ಹಂಡೆ, ಬಾಲ್ದಿ ಎಲ್ಲ ಖಾಲಿ ಮಾಡಿದರು. ಕೊನೆಗೆ ಚಿಕ್ಕ ಕೋಣೆಯ ಬಾಗಿಲಲ್ಲಿ ನಿಂತರು.
“ಇದೂ ನೀರಾ ಮಗಾ? ಕಾಲೇಜಿನ ಮದ್ದು ಆದ್ರೆ ಹೇಳು, ನಾನು ಮುಟ್ಟುದಿಲ್ಲ.”
“ನೀರೇ, ಮಾವ.”
ಹಿತ್ತಲಿಗೆ ಸುರಿದರು. ಬಿಸಿಯಿಂದ ಹೊರಬಂದ ಹರಳು ತಣ್ಣನೆಯ ಗಾಳಿಗೆ ಟಿಕ್ ಎಂದಿತು. ಉದ್ದಕ್ಕೂ ಬಿರುಕು. ಇಪ್ಪತ್ತೊಂದು ಮಿಲಿಮೀಟರ್ ಆಗಿತ್ತು.

12 ಡಿಸೆಂಬರ್
ಸರ್‌ಗೆ ಬರೆಯಲು ಕೂತೆ. ‘ತಾಯಿಯ ಮರಣದಿಂದಾಗಿ ಪ್ರಯೋಗ ನಿಂತಿತು.’ ಹರಿದೆ. ಅಮ್ಮನ ಮೇಲೆ ತಪ್ಪು ಹಾಕಿದ ಹಾಗಾಯಿತು.

ಜೊತೆಯಲ್ಲಿ ಪಾಠ ಮಾಡುವ ಕುಮುದಿನಿಗೆ ಸಿಟ್ಟು. “ಮದ್ದು ಅಂತ ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ? ಎರಡು ವರ್ಷದ ಕೆಲಸ.” ಹೇಳಿದ್ದರೆ ಹರಳು ಉಳಿಯುತ್ತಿತ್ತು. ಗೊತ್ತು. ಉಳಿಯುವುದು ಬೇಡ ಎಂದೇ ಹೇಳಲಿಲ್ಲ.

ಯಾರಿಗೂ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ಆ ಗುರುವಾರ ನಾನು ಬಾಗಿಲು ತೆಗೆದಾಗ ಅಮ್ಮನಿಗೆ ಉಸಿರಿತ್ತು. ನನ್ನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ನಾನು ಅವಳನ್ನು ದಾಟಿ ಹೋಗಿ ಥರ್ಮಾಮೀಟರ್ ನೋಡಿದೆ. ಮೂವತ್ತೆಂಟು. ಬತ್ತಿ ಏರಿಸಿದೆ. ಪಾದರಸ ಏರುತ್ತಿದೆಯೇ ಎಂದು ಇನ್ನೊಮ್ಮೆ ನೋಡಿದೆ. ಆಮೇಲೆ ತಿರುಗಿದರೆ ಅಮ್ಮ —